ಎಳೆಯ ಒಡಲೊಳಗಿನ ನೆರಳು

ವಾರಕ್ಕೊಮ್ಮೆ ಮಗುವಿಗೆ ಎಣ್ಣೆನೀರು ಎರೆಯುವ ಪದ್ಧತಿ ಉಳಿದುಬಂದಿರುವ ಮನೆಗಳಲ್ಲಿ, ಎರೆಯುವ ಕೈಗೆ ಆ ಪುಟ್ಟ ಮೈಯ ಏರುತಗ್ಗುಗಳೆಲ್ಲ ಬಾಯಿಪಾಠವಾಗಿರುತ್ತವೆ. ನೀಡಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಂಡು ಎದೆಗೂ ಹೊಟ್ಟೆಗೂ ಎಣ್ಣೆ ನೀವುತ್ತಿರುವಾಗ, ಕಳೆದ ವಾರ ಇಲ್ಲದಿದ್ದ ಒಂದು ಗಡಸು ಬಲಪಕ್ಕೆಯ ಕೆಳಗೆ ಬೆರಳಿಗೆ ತಗುಲಿದರೆ ಆ ಕೈ ಅಲ್ಲಿಯೇ ನಿಲ್ಲುತ್ತದೆ. ಮಗುವಿಗೆ ಜ್ವರವಿಲ್ಲ, ನೋವಿಲ್ಲ. ಆಗತಾನೆ ಹಾಲು ಕುಡಿದಿದೆ, ಕೈಕಾಲು ಬಡಿದು ನಗುತ್ತಿದೆ. ಆದರೂ ಕೈ ನಿಲ್ಲುತ್ತದೆ. ಮಕ್ಕಳ ಯಕೃತ್ತಿನ ಗಡ್ಡೆಗಳನ್ನು ಕುರಿತು ಬರೆದ ವೈದ್ಯರು ಮತ್ತೆ ಮತ್ತೆ ಹೇಳುವ ಒಂದು ಮಾತುಂಟು: ಇಂಥ ಗಡ್ಡೆಯನ್ನು ಮೊದಲು ಕಾಣುವವರು ಬಹುಮಟ್ಟಿಗೆ ವೈದ್ಯರಲ್ಲ, ಸ್ನಾನ ಮಾಡಿಸುವ ಬಟ್ಟೆ ತೊಡಿಸುವ ಮನೆಯವರು. ಯಕೃತ್ತು ದೊಡ್ಡ ಅಂಗ, ಸಹನೆಯುಳ್ಳ ಅಂಗ. ತನ್ನ ಅರ್ಧಭಾಗವನ್ನು ಗಡ್ಡೆಯೊಂದು ಆಕ್ರಮಿಸಿದ್ದರೂ ಉಳಿದರ್ಧದಿಂದ ತನ್ನ ಕೆಲಸವನ್ನೆಲ್ಲ ಸದ್ದಿಲ್ಲದೆ ನಡೆಸಿಕೊಂಡು ಹೋಗುತ್ತದೆ. ಆ ಸಹನೆಯೇ ಇಲ್ಲಿ ಅಪಾಯ.

ಕನ್ನಡನಾಡಿನ ಹಿರಿಯರಿಗೆ ಮಗುವಿನ ಬಲಪಕ್ಕೆಯ ಗಡಸೆಂದರೆ ಬೇರೊಂದು ಭಯದ ನೆನಪು. ‘ಮಗುವಿಗೆ ಲಿವರ್ ಆಗಿದೆಯಂತೆ’ ಎಂದು ಪಿಸುಮಾತಿನಲ್ಲಿ ಹೇಳುತ್ತಿದ್ದ ಕಾಲವೊಂದಿತ್ತು. ಭಾರತೀಯ ಶಿಶುಗಳ ಸಿರೋಸಿಸ್ ಎಂದು ವೈದ್ಯರು ಹೆಸರಿಟ್ಟಿದ್ದ ಆ ಕಾಯಿಲೆ ಹಾಲುಗಲ್ಲದ ಮಕ್ಕಳ ಯಕೃತ್ತನ್ನು ಕಲ್ಲಿನಂತೆ ಗಟ್ಟಿಯಾಗಿಸಿ ಕೆಲವೇ ತಿಂಗಳಲ್ಲಿ ಕೊಲ್ಲುತ್ತಿತ್ತು. ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನೊಡನೆ ಮಗುವಿನ ಒಡಲು ಸೇರುತ್ತಿದ್ದ ತಾಮ್ರಕ್ಕೂ ಆ ಕಾಯಿಲೆಗೂ ನಂಟಿದೆಯೆಂದು ೧೯೮೦ರ ದಶಕದಲ್ಲಿ ಸ್ಪಷ್ಟವಾಯಿತು. ಅಡುಗೆಮನೆಗೆ ಉಕ್ಕಿನ ಪಾತ್ರೆಗಳು ಬಂದವು. ಕಾಯಿಲೆ ಹೆಚ್ಚುಕಡಿಮೆ ಮರೆಯಾಯಿತು. ಇಂದು ಅಂಥ ಗಡಸು ಹೇಳುವ ಕಥೆ ಬೇರೆ.

ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರು ಮಕ್ಕಳಲ್ಲಿ ವಿರಳ. ಮಕ್ಕಳ ಎಲ್ಲ ಕ್ಯಾನ್ಸರುಗಳಲ್ಲಿ ಅದರ ಪಾಲು ನೂರಕ್ಕೆ ಒಂದರಷ್ಟು. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಇದಕ್ಕೆ ಗುರಿಯಾಗುವರು. ಊರಿನ ಮಕ್ಕಳ ವೈದ್ಯರೊಬ್ಬರು ತಮ್ಮ ವೃತ್ತಿಜೀವನದಲ್ಲಿ ಇಂಥ ಒಂದು ಮಗುವನ್ನೂ ಕಾಣದೆ ನಿವೃತ್ತರಾಗಬಹುದು. ಕಂಡ ದಿನ ಮಾತ್ರ ಅವರ ಮುಂದೆ ನಿಲ್ಲುವ ಪ್ರಶ್ನೆಗಳು ಸುಲಭದವಲ್ಲ. ಗಡ್ಡೆ ಇರುವುದು ಯಕೃತ್ತಿನಲ್ಲೋ, ಅದರ ಬೆನ್ನಿಗಂಟಿದ ಮೂತ್ರಪಿಂಡದಲ್ಲೋ? ಯಕೃತ್ತಿನದೇ ಆದರೆ ಅದು ಕೇಡಿನದೋ, ಕೇಡಿಲ್ಲದ್ದೋ? ಕೇಡಿನದಾದರೆ ಅದನ್ನು ಕತ್ತರಿಸಿ ತೆಗೆಯಲು ಬರುವುದೋ ಇಲ್ಲವೋ? ಹಿಂದಿನ ಕಾಲದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತಿದ್ದುದು ಅನೇಕವೇಳೆ ಹೊಟ್ಟೆ ಕೊಯ್ದ ಮೇಲೆಯೇ. ರಂಟ್‌ಗೆನ್ ೧೮೯೫ರಲ್ಲಿ ಕಂಡ ಕ್ಷ-ಕಿರಣ ಎಲುಬನ್ನು ತೋರಿಸುವಷ್ಟು ಸೊಗಸಾಗಿ ಯಕೃತ್ತನ್ನು ತೋರಿಸದು. ಯಕೃತ್ತು, ಗಡ್ಡೆ, ಕರುಳು, ಮೂತ್ರಪಿಂಡ ಎಲ್ಲವೂ ಆ ಚಿತ್ರದಲ್ಲಿ ಒಂದೇ ಬೂದುಬಣ್ಣದ ಮಬ್ಬು. ಗಡ್ಡೆಯೊಳಗೆ ಸುಣ್ಣದ ಕಣಗಳು ಕಟ್ಟಿದ್ದರೆ ಅವು ಬಿಳಿಯ ಚುಕ್ಕೆಗಳಾಗಿ ಮಿನುಗುವುವು, ಅಷ್ಟೆ.

ಕುಲುಮೆಯ ಊರಿನಿಂದ ಬಂದ ಉಪಾಯ

ಈ ಮಬ್ಬನ್ನು ಹರಿಸಿದ ಮೊದಲ ಸಾಧನ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರ ಹಡಗು ಕಟ್ಟುವವರ, ಉಗಿಯ ಹಂಡೆ ಬೆಸೆಯುವವರ ಊರು. ಕಬ್ಬಿಣದ ತಗಡಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿದ್ದರೆ, ಕಿವಿಗೆ ಕೇಳಿಸದಷ್ಟು ಏರುದನಿಯ ಶಬ್ದವನ್ನು ಅದರೊಳಗೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಅವನ್ನು ಪತ್ತೆಹಚ್ಚುವ ಯಂತ್ರಗಳು ಅಲ್ಲಿದ್ದವು. ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇಯಾನ್ ಡೊನಾಲ್ಡ್ ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದವರು. ಪ್ರತಿಧ್ವನಿಯಿಂದ ದೂರದ ವಸ್ತುವನ್ನು ಅಳೆಯುವ ರಾಡಾರಿನ ಬಗೆ ಅವರಿಗೆ ತಿಳಿದಿತ್ತು. ೧೯೫೫ರ ಜುಲೈ ತಿಂಗಳ ಒಂದು ದಿನ, ಶಸ್ತ್ರಕ್ರಿಯೆಯಲ್ಲಿ ಹೊರತೆಗೆದಿದ್ದ ಗಡ್ಡೆಗಳನ್ನು ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿ ತುಂಬಿಕೊಂಡು ಅವರು ಹಂಡೆ ಕಾರ್ಖಾನೆಯೊಂದಕ್ಕೆ ಹೋದರು. ಹೋಲಿಸಿ ನೋಡಲೆಂದು ಕಾರ್ಖಾನೆಯವರು ಒಂದು ದೊಡ್ಡ ಮಾಂಸದ ತುಂಡನ್ನೂ ಒದಗಿಸಿದ್ದರು. ಕಬ್ಬಿಣದ ಯಂತ್ರ ಮಾಂಸದ ಮುಂದೆ ಸೋಲಲಿಲ್ಲ. ನೀರು ತುಂಬಿದ ಗಡ್ಡೆಗೊಂದು ಬಗೆಯ ಪ್ರತಿಧ್ವನಿ, ಗಟ್ಟಿಯಾದ ಗಡ್ಡೆಗೆ ಮತ್ತೊಂದು ಬಗೆ.

ಸ್ಕ್ಯಾನಿಂಗ್ ಎಂದೊಡನೆ ಇಂದು ಯಾರಿಗಾದರೂ ನೆನಪಾಗುವುದು ಗರ್ಭಿಣಿಯರು. ಆದರೆ ಡೊನಾಲ್ಡ್ ಮತ್ತು ಅವರ ಸಂಗಡಿಗರು ೧೯೫೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ತಲೆಬರಹದಲ್ಲಿದ್ದುದು ಹೊಟ್ಟೆಯ ಗಡ್ಡೆಗಳ ಮಾತು. ಗುಣವಾಗದ ಜಠರದ ಕ್ಯಾನ್ಸರೆಂದು ಕೈಬಿಟ್ಟಿದ್ದ ಒಬ್ಬಾಕೆಯ ಹೊಟ್ಟೆಯೊಳಗೆ ಇದ್ದುದು ಅಂಡಾಶಯದ ದೊಡ್ಡದೊಂದು ನೀರ್ಗಡ್ಡೆಯೆಂದು ಆ ಯಂತ್ರ ತೋರಿಸಿಕೊಟ್ಟಿತು. ಗಡ್ಡೆ ತೆಗೆದರು, ಆಕೆ ಬದುಕಿದಳು. ಸಾಧನದ ಮೊದಲ ಜಯವೇ ಹೆಸರು ತಪ್ಪಿದ ಗಡ್ಡೆಗೆ ಸರಿಯಾದ ಹೆಸರು ಕೊಟ್ಟದ್ದು ಎಂಬುದನ್ನು ಗಮನಿಸಬೇಕು.

ಮಕ್ಕಳ ಮಟ್ಟಿಗಂತೂ ಅಲ್ಟ್ರಾಸೌಂಡ್ ಹೇಳಿ ಮಾಡಿಸಿದಂಥ ಸಾಧನ. ಕಿರಣದ ಸೋಂಕಿಲ್ಲ, ಸೂಜಿಯಿಲ್ಲ, ನಿದ್ದೆಯ ಮದ್ದಿಲ್ಲ. ತಾಯಿಯ ಮಡಿಲಿನಲ್ಲಿ ಮಲಗಿ ಹಾಲು ಕುಡಿಯುತ್ತಿರುವ ಮಗುವಿನ ಹೊಟ್ಟೆಯ ಮೇಲೂ ಯಂತ್ರದ ಹಿಡಿಕೆಯನ್ನು ಆಡಿಸಬಹುದು. ಎಳೆಯರ ಮೈಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಚಿತ್ರವೂ ದೊಡ್ಡವರದ್ದಕ್ಕಿಂತ ನಿಚ್ಚಳ. ಮಗು ಉಸಿರೆಳೆದಾಗ ಗಡ್ಡೆ ಯಕೃತ್ತಿನೊಡನೆ ಏರಿಳಿಯುವುದೋ, ಅಥವಾ ಯಕೃತ್ತು ತಾನು ಜಾರಿಹೋಗಿ ಗಡ್ಡೆ ಹಿಂದೆ ಉಳಿಯುವುದೋ ಎಂದು ನೋಡಿಯೇ ಮೊದಲನೆಯ ಪ್ರಶ್ನೆಯನ್ನು ಬಗೆಹರಿಸುವುದುಂಟು. ಜೊತೆಯಾಗಿ ಏರಿಳಿದರೆ ಅದು ಯಕೃತ್ತಿನದೇ. ಹಿಂದೆ ಉಳಿದರೆ ಮೂತ್ರಪಿಂಡದ ಕಡೆಯದು. ಡಾಪ್ಲರ್ ಎಂಬ ಏರ್ಪಾಡಿನಿಂದ ಗಡ್ಡೆಯೊಳಗೆ ಹರಿಯುವ ರಕ್ತವನ್ನೂ ಬಣ್ಣಬಣ್ಣವಾಗಿ ಕಾಣಬಹುದು. ದೊಡ್ಡ ನಗರದ ಹೊರಗೂ ಈ ಯಂತ್ರ ಇರುತ್ತದೆಂಬುದು ಸಣ್ಣ ಸಂಗತಿಯಲ್ಲ. ಹುಟ್ಟುವ ಮುನ್ನ ಹೆಣ್ಣೋ ಗಂಡೋ ಎಂದು ತಿಳಿಯಲು ಅದನ್ನೇ ದುರುಪಯೋಗ ಮಾಡಿದ್ದರಿಂದ ಭಾರತದಲ್ಲಿ ೧೯೯೪ರಲ್ಲಿ ಕಾನೂನನ್ನೇ ತರಬೇಕಾಯಿತು, ಅದಿರಲಿ.

ವಯಸ್ಸೇ ಮೊದಲ ಸಾಕ್ಷಿ

ಚಿತ್ರ ಕಂಡಿತು, ಗಡ್ಡೆ ಯಕೃತ್ತಿನದೆಂದು ಗೊತ್ತಾಯಿತು. ಮುಂದೆ? ಇಲ್ಲಿಯೇ ಹೊರಗಿನವರಿಗೆ ಸೋಜಿಗವೆನಿಸುವ ಮಾತು. ನುರಿತ ಕ್ಷ-ಕಿರಣ ತಜ್ಞರು ಚಿತ್ರವನ್ನು ದೀಪಕ್ಕೆ ಹಿಡಿಯುವ ಮೊದಲು ಕೇಳುವುದು ಮಗುವಿಗೆ ಎಷ್ಟು ತಿಂಗಳು ಎಂದು. ಒಂದೇ ಬಗೆಯ ನೆರಳು ಎರಡು ತಿಂಗಳ ಕೂಸಿನಲ್ಲಿ ಒಂದು ಕಾಯಿಲೆ, ಎರಡು ವರ್ಷದ ಮಗುವಿನಲ್ಲಿ ಮತ್ತೊಂದು, ಹತ್ತು ವರ್ಷದ ಹುಡುಗನಲ್ಲಿ ಇನ್ನೊಂದು. ಚಿತ್ರ ಎಷ್ಟೇ ಸ್ಫುಟವಾಗಿದ್ದರೂ ವಯಸ್ಸು ತಿಳಿಯದೆ ಅದನ್ನು ಓದುವುದೆಂದರೆ ಜನನಕಾಲವಿಲ್ಲದೆ ಜಾತಕ ಹೇಳಿದಂತೆ.

ಆರು ತಿಂಗಳೊಳಗಿನ ಕೂಸಿನ ಯಕೃತ್ತಿನಲ್ಲಿ ಗಡ್ಡೆ ಕಂಡರೆ ಮೊದಲು ನೆನೆಯಬೇಕಾದದ್ದು ರಕ್ತನಾಳಗಳ ಗಂಟನ್ನು. ಹೆಮಾಂಜಿಯೋಮ ಎಂದು ಅದರ ಹೆಸರು. ಅದು ಕ್ಯಾನ್ಸರಲ್ಲ. ಆದರೆ ನಿರುಪದ್ರವಿಯೆಂದು ಎಲ್ಲ ಸಲವೂ ಹೇಳಲಾಗದು. ಗಂಟು ದೊಡ್ಡದಾದರೆ ದೇಹದ ರಕ್ತವೆಲ್ಲ ಅತ್ತ ಸೆಳೆಯಲ್ಪಟ್ಟು ಪುಟ್ಟ ಹೃದಯ ದಣಿದುಹೋಗುವುದು. ಅಂಥ ಕೂಸಿನ ಅಲ್ಟ್ರಾಸೌಂಡಿನಲ್ಲಿ, ಹೃದಯದಿಂದ ಇಳಿದುಬರುವ ಮಹಾಧಮನಿ ಯಕೃತ್ತಿಗೆ ಕವಲೊಡೆಯುವ ತನಕ ಅಗಲವಾಗಿದ್ದು ಅಲ್ಲಿಂದ ಕೆಳಗೆ ಒಮ್ಮೆಲೇ ಕಿರಿದಾಗುವುದು ಕಾಣುತ್ತದೆ. ಕಾಲುವೆಯ ನೀರನ್ನೆಲ್ಲ ಮೇಲಿನ ಗದ್ದೆಯವನೊಬ್ಬನೇ ತಿರುಗಿಸಿಕೊಂಡರೆ ಕೆಳಗಿನ ಕಾಲುವೆ ಸೊರಗುವುದಿಲ್ಲವೆ, ಹಾಗೆ. ೨೦೦೦ದಲ್ಲಿ ಬಾಸ್ಟನ್ನಿನ ವೈದ್ಯರು ಮತ್ತೊಂದು ವಿಚಿತ್ರವನ್ನು ಕಂಡರು. ಈ ಗಂಟು ಥೈರಾಯ್ಡ್ ಗ್ರಂಥಿಯ ರಸವನ್ನು ನಾಶಮಾಡುವ ಕಿಣ್ವವೊಂದನ್ನು ಹೇರಳವಾಗಿ ಹುಟ್ಟಿಸಬಲ್ಲದು. ಆದಕಾರಣ ಗಂಟು ಯಕೃತ್ತಿನಲ್ಲಿದ್ದರೂ ಪರೀಕ್ಷೆಯನ್ನು ಥೈರಾಯ್ಡಿಗೂ ಮಾಡಿಸುವರು. ಇಲ್ಲವಾದರೆ ಗಂಟು ಕರಗಿದ ಮೇಲೆಯೂ ಮಗುವಿನ ಬುದ್ಧಿಯ ಬೆಳವಣಿಗೆ ಕುಂದೀತು.

ಈ ಗಂಟಿಗೆ ದೊರೆತ ಮದ್ದಿನ ಕಥೆಯೂ ಕೇಳತಕ್ಕದ್ದೇ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಕ್ರಿಸ್ಟೀನ್ ಲಾಬ್ರೆಜ್ ಎಂಬ ಚರ್ಮವೈದ್ಯೆಯ ಬಳಿ ಮೂಗಿನ ಮೇಲೆ ಇಂಥದೇ ರಕ್ತಗಂಟು ಎದ್ದಿದ್ದ ಒಂದು ಮಗು ಇತ್ತು. ನಡುವೆ ಮಗುವಿಗೆ ಹೃದಯದ ತೊಂದರೆ ಕಾಣಿಸಿ ಪ್ರೊಪ್ರನಲಾಲ್ ಎಂಬ ಹಳೆಯ, ಅಗ್ಗದ ಹೃದಯದ ಔಷಧವನ್ನು ಕೊಡಬೇಕಾಯಿತು. ಕೊಟ್ಟ ಮರುದಿನವೇ ಮೂಗಿನ ಗಂಟು ಮೆತ್ತಗಾಗಿ ಬಣ್ಣ ಬದಲಿಸಿತು! ೨೦೦೮ರಲ್ಲಿ ಈ ಸಂಗತಿ ಪ್ರಕಟವಾದ ಮೇಲೆ ಯಕೃತ್ತಿನ ಗಂಟುಗಳಿಗೂ ಅದೇ ಮದ್ದು ಬಳಕೆಗೆ ಬಂದಿತು. ಹುಟ್ಟುವಾಗಲೇ ಪೂರ್ತಿ ಬೆಳೆದಿರುವ ಇನ್ನೊಂದು ಜಾತಿಯ ರಕ್ತಗಂಟಿಗೆ ಆ ಮದ್ದೂ ಬೇಡ. ಅದು ಒಂದೆರಡು ವರ್ಷದೊಳಗೆ ತಾನಾಗಿ ಕುಗ್ಗುವುದು. ಆದ್ದರಿಂದ ಚಿತ್ರದಲ್ಲಿ ಗಂಟಿನ ಲಕ್ಷಣ ನಿಸ್ಸಂದೇಹವಾಗಿ ಕಂಡರೆ ಅದಕ್ಕೆ ಸೂಜಿ ಚುಚ್ಚಿ ತುಣುಕು ತೆಗೆಯುವ ಗೋಜಿಗೇ ಹೋಗರು. ರಕ್ತ ತುಂಬಿದ ಗಂಟಿಗೆ ಸೂಜಿ ಹಾಕುವುದು ಅಪಾಯವೆಂಬುದನ್ನು ವಿವರಿಸಬೇಕಿಲ್ಲ.

ಕೂಸಿನ ಯಕೃತ್ತಿನ ತುಂಬ ಹತ್ತಾರು ಗಂಟುಗಳು ಹರಡಿದ್ದರೆ ತಜ್ಞರ ಕಣ್ಣು ಮೂತ್ರಪಿಂಡದ ನೆತ್ತಿಯ ಮೇಲಿರುವ ಪುಟ್ಟ ಅಡ್ರಿನಲ್ ಗ್ರಂಥಿಯತ್ತ ಓಡುತ್ತದೆ. ಅಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರು ಯಕೃತ್ತಿಗೆ ಹಬ್ಬುವುದುಂಟು. ದೊಡ್ಡ ಮಕ್ಕಳಲ್ಲಿ ಕ್ಯಾನ್ಸರು ಹೀಗೆ ದೂರದ ಅಂಗಗಳಿಗೆ ಹಬ್ಬಿತೆಂದರೆ ಸ್ಥಿತಿ ಕಠಿಣ. ಎಳೆಗೂಸುಗಳಲ್ಲಾದರೋ ಅದೇ ಕ್ಯಾನ್ಸರಿನ ಒಂದು ಬಗೆ ಹಬ್ಬಿದ ಮೇಲೂ ತಾನಾಗಿ ಕರಗಿಹೋಗುತ್ತದೆ. ಪ್ರಕೃತಿಯ ಈ ದಾಕ್ಷಿಣ್ಯಕ್ಕೆ ಪೂರ್ಣವಾದ ವಿವರಣೆ ವೈದ್ಯಶಾಸ್ತ್ರಕ್ಕೆ ಇನ್ನೂ ದಕ್ಕಿಲ್ಲ.

ಆರು ತಿಂಗಳು ದಾಟಿ ಮೂರು ವರ್ಷದೊಳಗಿನ ಮಗುವಾದರೆ ನೆರಳಿನ ಅರ್ಥ ಬೇರೆಯಾಗುತ್ತದೆ. ಆಗ ಎಲ್ಲಕ್ಕಿಂತ ಮೊದಲು ಶಂಕಿಸಬೇಕಾದದ್ದು ಹೆಪಟೋಬ್ಲಾಸ್ಟೋಮ. ಮಕ್ಕಳ ಯಕೃತ್ತಿನ ಕ್ಯಾನ್ಸರುಗಳಲ್ಲಿ ಅದೇ ಹೆಚ್ಚಿನದು. ಭ್ರೂಣದಲ್ಲಿ ಯಕೃತ್ತನ್ನು ಕಟ್ಟಬೇಕಾದ ಎಳೆಯ ಕಣಗಳು ಕಟ್ಟುವ ಕೆಲಸ ಮುಗಿದ ಮೇಲೂ ನಿಲ್ಲದೆ ಬೆಳೆದಾಗ ಅದು ಹುಟ್ಟುತ್ತದೆ. ತೀರ ಕಡಿಮೆ ತೂಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಅದೇ ವಯಸ್ಸಿನಲ್ಲಿ ನೀರಿನ ಕೋಣೆಗಳಿಂದ ಕೂಡಿ ಜೇನುಗೂಡಿನಂತೆ ಕಾಣುವ, ಕೇಡಿಲ್ಲದ ಮತ್ತೊಂದು ಗಡ್ಡೆಯೂ ಬರುವುದು. ಇನ್ನು ಆರರಿಂದ ಹತ್ತು ವರ್ಷದವರಲ್ಲಿ ಬರುವ ಒಂದು ಕ್ರೂರವಾದ ಗಡ್ಡೆಯಂತೂ ಚಿತ್ರಗಳನ್ನೇ ಜಗಳಕ್ಕೆ ಹಚ್ಚುತ್ತದೆ. ಭ್ರೂಣಸ್ವರೂಪದ ಸಾರ್ಕೋಮ ಎಂಬ ಈ ಗಡ್ಡೆ ಸಿ.ಟಿ. ಸ್ಕ್ಯಾನಿನಲ್ಲಿ ನೀರು ತುಂಬಿದ ಚೀಲದಂತೆ ಕಾಣುತ್ತದೆ. ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಗಟ್ಟಿ! ನಾಯಿಯ ಒಡನಾಟದಿಂದ ಬರುವ ಹೈಡಾಟಿಡ್ ನೀರ್ಗಡ್ಡೆ ಬಳಕೆಯಲ್ಲಿರುವ ಭಾರತದಂಥ ನಾಡಿನಲ್ಲಿ, ಸಿ.ಟಿ. ಒಂದನ್ನೇ ನಂಬಿ ಇದನ್ನು ನೀರ್ಗಡ್ಡೆಯೆಂದು ತಿಳಿದರೆ ಅನಾಹುತ. ಎರಡು ಸಾಕ್ಷಿಗಳ ಹೇಳಿಕೆ ಹೊಂದದಿರುವುದೇ ಇಲ್ಲಿ ನಿಜವನ್ನು ಬಯಲುಮಾಡುತ್ತದೆ.

ಹತ್ತು ದಾಟಿದವರಲ್ಲಿ ಕಾಣುವುದು ದೊಡ್ಡವರಿಗೆ ಬರುವ ಯಕೃತ್ತಿನ ಕ್ಯಾನ್ಸರೇ. ಹುಟ್ಟುವಾಗ ತಾಯಿಯಿಂದ ಅಂಟಿದ ಹೆಪಟೈಟಿಸ್-ಬಿ ಎಂಬ ವೈರಸ್ಸು ಅದಕ್ಕೆ ಒಂದು ಮುಖ್ಯ ಕಾರಣ. ತೈವಾನ್ ದ್ವೀಪ ೧೯೮೪ರಲ್ಲಿ ನವಜಾತ ಶಿಶುಗಳಿಗೆ ಇದರ ವಿರುದ್ಧ ಲಸಿಕೆ ಹಾಕಲು ತೊಡಗಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಈ ಕ್ಯಾನ್ಸರಿನ ಪ್ರಮಾಣ ಲಕ್ಷಕ್ಕೆ ೦.೭೦ ಇದ್ದದ್ದು ೧೯೯೦ರಿಂದ ೧೯೯೪ರ ನಡುವೆ ೦.೩೬ಕ್ಕೆ ಇಳಿಯಿತು. ಲಸಿಕೆಯಿಂದ ಕ್ಯಾನ್ಸರನ್ನು ತಡೆಯಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರು ಆ ಮಕ್ಕಳು. ಭಾರತದ ಎಲ್ಲ ರಾಜ್ಯಗಳ ಸಾರ್ವತ್ರಿಕ ಲಸಿಕೆಯ ಪಟ್ಟಿಗೆ ಅದು ಸೇರಿದ್ದು ೨೦೧೧ರಲ್ಲಿ.

ರಕ್ತ ನುಡಿಯುವ ಸಾಕ್ಷ್ಯ

ವಯಸ್ಸಿನೊಡನೆ ಇನ್ನೊಂದು ಸಾಕ್ಷ್ಯವನ್ನೂ ಕೇಳುವುದುಂಟು. ಗರ್ಭದಲ್ಲಿರುವ ಶಿಶುವಿನ ಯಕೃತ್ತು ಆಲ್ಫಾ-ಫೀಟೋಪ್ರೋಟೀನ್ ಎಂಬ ಸಸಾರಜನಕವನ್ನು ಹೇರಳವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಆ ತಯಾರಿಕೆ ನಿಂತುಹೋಗುತ್ತದೆ. ಯಕೃತ್ತಿನ ಕ್ಯಾನ್ಸರು ಬಂದ ಇಲಿಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವುದನ್ನು ೧೯೬೩ರಲ್ಲಿ ಮಾಸ್ಕೋದ ಅಬೇಲೆವ್ ಕಂಡರು. ಮರುವರ್ಷ ಮತ್ತೊಬ್ಬ ರಷ್ಯನ್ ವಿಜ್ಞಾನಿ ತತಾರಿನೊವ್ ಮನುಷ್ಯರಲ್ಲಿಯೂ ಅದನ್ನು ಕಂಡರು. ಹೆಪಟೋಬ್ಲಾಸ್ಟೋಮ ಬಂದ ಮಕ್ಕಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿಯ ರಕ್ತದಲ್ಲಿ ಇದು ಏರಿರುತ್ತದೆ. ಕೆಲವೊಮ್ಮೆ ಲಕ್ಷಗಳ ಲೆಕ್ಕದಲ್ಲಿ.

ಇಲ್ಲೊಂದು ಬಲೆಯಿದೆ, ಅದಕ್ಕೆ ಸಿಕ್ಕಿ ಎಷ್ಟೋ ತಂದೆತಾಯಿಗಳು ನಿದ್ದೆಗೆಟ್ಟಿದ್ದಾರೆ. ದೊಡ್ಡವರ ರಕ್ತದಲ್ಲಿ ಪ್ರತಿ ಮಿಲಿಲೀಟರಿಗೆ ಹತ್ತು ನ್ಯಾನೋಗ್ರಾಮಿಗಿಂತ ಕಡಿಮೆ ಇರುವ ಈ ವಸ್ತು, ಆರೋಗ್ಯವಾಗಿ ಹುಟ್ಟಿದ ಶಿಶುವಿನಲ್ಲಿಯೂ ಹತ್ತಾರು ಸಾವಿರದಷ್ಟಿರುತ್ತದೆ. ಸಹಜಮಟ್ಟಕ್ಕೆ ಇಳಿಯಲು ಎಂಟು ತಿಂಗಳಿಂದ ಒಂದು ವರ್ಷ ಬೇಕು. ಎರಡು ತಿಂಗಳ ಕೂಸಿನ ರಕ್ತಪರೀಕ್ಷೆಯ ಹಾಳೆಯಲ್ಲಿ ದೊಡ್ಡವರ ಅಳತೆಯನ್ನು ಪಕ್ಕದಲ್ಲಿ ಮುದ್ರಿಸಿ ‘ಹೆಚ್ಚು’ ಎಂದು ಗುರುತು ಹಾಕಿದರೆ, ರಕ್ತಗಂಟಿರುವ ಕೂಸೂ ಕ್ಯಾನ್ಸರಿನ ಕೂಸಾಗಿ ತೋರುವುದು. ಇಲ್ಲಿಯೂ ಲೆಕ್ಕ ವಯಸ್ಸಿನದೇ. ತದ್ವಿರುದ್ಧವಾಗಿ, ಹೆಪಟೋಬ್ಲಾಸ್ಟೋಮವೆಂದು ಖಚಿತವಾದ ಮಗುವಿನಲ್ಲಿ ಈ ಅಂಕೆ ನೂರಕ್ಕಿಂತ ಕೆಳಗಿದ್ದರೆ ಸಂತೋಷಪಡುವಂತಿಲ್ಲ. ಅಂಥ ಗಡ್ಡೆ ಹೆಚ್ಚು ಹಟಮಾರಿಯೆಂದೇ ಎಣಿಕೆ.

ಯಂತ್ರದ ಗವಿಯೊಳಗೆ

ಗಡ್ಡೆಯ ಪೂರ್ಣಸ್ವರೂಪ ತಿಳಿಯಲು ಅಲ್ಟ್ರಾಸೌಂಡ್ ಸಾಲದು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು ಲಂಡನ್ನಿನಲ್ಲಿ, ೧೯೭೧ರ ಅಕ್ಟೋಬರ್ ೧ರಂದು. ಎಂಟು ವರ್ಷಗಳ ಮೇಲೆ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಕ್ಷ-ಕಿರಣವನ್ನು ಸುತ್ತಲಿಂದಲೂ ಹಾಯಿಸಿ, ಲೆಕ್ಕಹಾಕಿ, ದೇಹವನ್ನು ಸೌತೆಯ ಬಿಲ್ಲೆಗಳಂತೆ ಹೋಳುಹೋಳಾಗಿ ತೋರಿಸುವುದು ಅದರ ಮರ್ಮ. ರಕ್ತನಾಳಕ್ಕೆ ಚುಚ್ಚಿದ ಅಯೋಡಿನ್ನಿನ ದ್ರವ ಗಡ್ಡೆಯೊಳಗೆ ಹೇಗೆ ಹರಡುತ್ತದೆಂಬುದೂ ಅಲ್ಲಿ ಕಾಣುತ್ತದೆ. ಹೆಮಾಂಜಿಯೋಮವಾದರೆ ದ್ರವ ಕೆರೆಯ ಅಂಚಿನಿಂದ ನಡುವಿಗೆ ನೀರು ತುಂಬುವಂತೆ ಮೆಲ್ಲನೆ ಒಳಸರಿಯುವುದು. ಹೆಪಟೋಬ್ಲಾಸ್ಟೋಮ ಸುತ್ತಲ ಯಕೃತ್ತಿಗಿಂತ ಮಂಕಾಗಿಯೇ ಉಳಿಯುವುದು ಸಾಮಾನ್ಯ. ಈ ಕ್ಯಾನ್ಸರು ಹಬ್ಬುವ ಮೊದಲ ಜಾಗ ಶ್ವಾಸಕೋಶ. ಅಲ್ಲಿನ ಸಾಸಿವೆಯಷ್ಟು ಚುಕ್ಕೆಗಳನ್ನು ಕಾಣಲು ಸಿ.ಟಿ.ಗೆ ಸಾಟಿಯಿಲ್ಲ.

ಆದರೆ ಬೆಳೆಯುವ ಮೈಗೆ ಕಿರಣದ ಪೆಟ್ಟು ದೊಡ್ಡವರಿಗಿಂತ ಹೆಚ್ಚು, ಅದರ ಫಲ ತೋರಲು ಮುಂದೆ ಆಯುಸ್ಸೂ ಹೆಚ್ಚು. ೨೦೧೨ರಲ್ಲಿ ಬ್ರಿಟನ್ನಿನಿಂದ ಹೊರಬಂದ ದೊಡ್ಡ ಅಧ್ಯಯನವೊಂದು, ಬಾಲ್ಯದ ಸಿ.ಟಿ. ಸ್ಕ್ಯಾನುಗಳಿಂದ ಮುಂದೆ ರಕ್ತದ ಹಾಗೂ ಮಿದುಳಿನ ಕ್ಯಾನ್ಸರಿನ ಸಂಭವ ಸ್ವಲ್ಪಮಟ್ಟಿಗೆ ಏರುವುದೆಂದು ತೋರಿಸಿತು. ಆ ಸಂಭವ ಒಂದೊಂದು ಮಗುವಿನ ಮಟ್ಟಿಗೆ ಬಹಳ ಸಣ್ಣದು. ಅಗತ್ಯವಾದ ಸ್ಕ್ಯಾನನ್ನು ಅಂಜಿ ಬಿಡುವುದು ಅವಿವೇಕ. ದೊಡ್ಡವರ ಅಳತೆಯ ಕಿರಣವನ್ನೇ ಮಗುವಿಗೂ ಹಾಯಿಸುವುದು, ಒಂದು ಸುತ್ತು ಸಾಲುವಲ್ಲಿ ಮೂರು ಸುತ್ತು ತೆಗೆಯುವುದು ಅದಕ್ಕಿಂತ ದೊಡ್ಡ ಅವಿವೇಕ. ಮಕ್ಕಳಿಗೆ ಮೃದುವಾಗಿ ಚಿತ್ರ ತೆಗೆಯಿರೆಂಬ ಚಳವಳಿಯೇ ೨೦೦೮ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು.

ಕಿರಣವೇ ಇಲ್ಲದ ಎಂ.ಆರ್.ಐ. ಇಂದು ಸಾಧ್ಯವಾದೆಡೆಯೆಲ್ಲ ಮೊದಲ ಆಯ್ಕೆಯಾಗುತ್ತಿರುವುದು ಅದಕ್ಕೇ. ಬಲವಾದ ಅಯಸ್ಕಾಂತದ ನಡುವೆ ಮಲಗಿಸಿ ದೇಹದ ನೀರಿನ ಕಣಗಳಿಂದಲೇ ಚಿತ್ರ ಬಿಡಿಸುವ ಯಂತ್ರ ಅದು. ತೊಡಕೆಂದರೆ ಸದ್ದು, ಮತ್ತು ಹೊತ್ತು. ಅರ್ಧಗಂಟೆಗೂ ಮಿಕ್ಕಿ ಅಲುಗದೆ ಮಲಗೆಂದರೆ ಮೂರು ವರ್ಷದ ಮಗು ಮಲಗೀತೆ? ಕೂಸುಗಳಾದರೆ ಹಾಲೂಡಿಸಿ, ಬಾಣಂತಿಮನೆಯಲ್ಲಿ ಸುತ್ತುವಂತೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಣ್ಣು ಮುಚ್ಚಿದೊಡನೆ ಯಂತ್ರದೊಳಗೆ ಸೇರಿಸುವ ಉಪಾಯವುಂಟು. ಅದಕ್ಕಿಂತ ದೊಡ್ಡವರಿಗೆ ಬಹಳವಾಗಿ ಅರಿವಳಿಕೆಯೇ ಬೇಕಾಗುತ್ತದೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಡಗ್ ಡೀಟ್ಸ್ ಎಂಬ ವಿನ್ಯಾಸಕಾರ, ತಾನೇ ರೂಪಿಸಿದ ಹೊಸ ಯಂತ್ರವನ್ನು ಹೆಮ್ಮೆಯಿಂದ ನೋಡಲು ಆಸ್ಪತ್ರೆಗೆ ಹೋದಾಗ, ಆ ಯಂತ್ರದತ್ತ ಹೆಜ್ಜೆಯಿಡಲಾರದೆ ಅಳುತ್ತಿದ್ದ ಒಬ್ಬ ಪುಟ್ಟ ಹುಡುಗಿಯನ್ನು ಕಂಡ. ಮುಂದೆ ಅವನು ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಕಡಲುಗಳ್ಳರ ಹಡಗಿನ ವೇಷ ತೊಡಿಸಿದ; ಗೋಡೆ, ನೆಲ, ಛಾವಣಿಗೆಲ್ಲ ಕಥೆಯ ಬಣ್ಣ. ಅಲುಗದೆ ಮಲಗುವುದು ಹಡಗಿನಲ್ಲಿ ಅಡಗಿ ಕೂರುವ ಆಟವಾಯಿತು, ಅರಿವಳಿಕೆ ಬೇಕಾದ ಮಕ್ಕಳ ಸಂಖ್ಯೆ ಇಳಿಯಿತು. ಯಂತ್ರದೊಳಗಿನ ಒಂದು ಮೊಳೆಯೂ ಬದಲಾಗಿರಲಿಲ್ಲ.

ಎಷ್ಟು ಚಿತ್ರ ತೆಗೆದರೂ ಕ್ಯಾನ್ಸರೆಂಬ ಹೆಸರಿಗೆ ಕೊನೆಯ ಮುದ್ರೆ ಬೀಳುವುದು ಸಾಮಾನ್ಯವಾಗಿ ಸೂಜಿಯಿಂದ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆಯೇ. ಸೂಜಿಗೆ ದಾರಿ ತೋರಿಸುವುದೂ ಅಲ್ಟ್ರಾಸೌಂಡೇ.

ಕತ್ತಿಗೆ ಮುಂಚಿನ ನಕ್ಷೆ

ಹೆಸರು ತಿಳಿದ ಮೇಲಿನ ಪ್ರಶ್ನೆ, ಗಡ್ಡೆ ಕೂತಿರುವ ಜಾಗ ಯಾವುದು? ಯಕೃತ್ತು ಹೊರಗಿನಿಂದ ಒಂದೇ ಮುದ್ದೆಯಂತೆ ಕಂಡರೂ ಒಳಗೆ ರಕ್ತನಾಳಗಳ ಕವಲುಗಳಿಗೆ ತಕ್ಕಂತೆ ಎಂಟು ತುಂಡುಗಳ ಅಂಗವೆಂದು ಫ್ರಾನ್ಸಿನ ಅಂಗರಚನಾತಜ್ಞ ಕ್ಲೋದ್ ಕ್ವಿನೊ ೧೯೫೭ರಲ್ಲಿ ವಿವರಿಸಿದ. ತುಂಡುಗಳ ಎಲ್ಲೆ ತಿಳಿದರೆ ತೆಗೆಯಬೇಕಾದ ತುಂಡನ್ನು ತೆಗೆದು ಮಿಕ್ಕದ್ದನ್ನು ಉಳಿಸಬಹುದು. ಮುಕ್ಕಾಲು ಪಾಲಿನಷ್ಟು ಹೋದರೂ ಆರೋಗ್ಯವಂತ ಯಕೃತ್ತು ಮತ್ತೆ ಬೆಳೆದುಕೊಳ್ಳುತ್ತದೆ. ಈ ತಿಳುವಳಿಕೆಯ ಮೇಲೆ ಯೂರೋಪಿನ ಮಕ್ಕಳ ಕ್ಯಾನ್ಸರ್ ವೈದ್ಯರು ೧೯೯೦ರಲ್ಲಿ ಆರಂಭಿಸಿದ ಅಧ್ಯಯನಕ್ಕಾಗಿ ‘ಪ್ರೀಟೆಕ್ಸ್ಟ್’ ಎಂಬ ಗಣನೆಯನ್ನು ಕಟ್ಟಿದರು. ಎಂಟು ತುಂಡುಗಳನ್ನು ನಾಲ್ಕು ವಿಭಾಗಗಳಾಗಿ ಕೂಡಿಸಿ, ಒಂದಕ್ಕೊಂದು ಹೊಂದಿಕೊಂಡ ಎಷ್ಟು ವಿಭಾಗಗಳು ಗಡ್ಡೆಯಿಂದ ಮುಕ್ತವಾಗಿವೆಯೆಂದು ಎಣಿಸುವುದು ಅದರ ಕ್ರಮ. ಮೂರು ಮುಕ್ತವಾಗಿದ್ದರೆ ಮೊದಲನೆಯ ದರ್ಜೆ, ಒಂದೂ ಉಳಿಯದಿದ್ದರೆ ನಾಲ್ಕನೆಯದು. ದೊಡ್ಡ ರಕ್ತನಾಳಗಳೊಳಗೆ ಗಡ್ಡೆ ನುಗ್ಗಿದೆಯೆ, ಒಡೆದಿದೆಯೆ, ಶ್ವಾಸಕೋಶ ಮುಟ್ಟಿದೆಯೆ ಎಂಬುದಕ್ಕೆ ಪ್ರತ್ಯೇಕ ಗುರುತುಗಳು.

ಹೆಸರೇ ಹೇಳುವಂತೆ ಇದು ಚಿಕಿತ್ಸೆಗೆ ಮುಂಚಿನ ನಕ್ಷೆ, ಬರೀ ಚಿತ್ರಗಳಿಂದ ಬರೆದದ್ದು. ಆಮೇಲೆ ಸಿಸ್‌ಪ್ಲಾಟಿನ್ ಮುಂತಾದ ಔಷಧಗಳನ್ನು ಕೆಲವು ಸುತ್ತು ಕೊಟ್ಟು ಮತ್ತೆ ನಕ್ಷೆ ಬರೆಯುವರು. ತೆಗೆಯಲಾಗದೆಂದು ತೋರಿದ್ದ ಗಡ್ಡೆ ಕುಗ್ಗಿ ಅಂಚಿನಲ್ಲಿ ಒಂದು ಬೆರಳಷ್ಟು ಜಾಗ ಬಿಟ್ಟಿತೆಂದರೆ ಶಸ್ತ್ರವೈದ್ಯರಿಗೆ ಅಷ್ಟೇ ಸಾಕು. ಚಿತ್ರ, ಮದ್ದು, ಕತ್ತಿ ಈ ಮೂರೂ ಒಂದಾಗಿ ನಡೆದದ್ದರ ಫಲವಾಗಿ, ೧೯೭೦ರ ದಶಕದಲ್ಲಿ ಹೆಪಟೋಬ್ಲಾಸ್ಟೋಮದ ಮೂವರು ಮಕ್ಕಳಲ್ಲಿ ಒಬ್ಬರು ಉಳಿಯುತ್ತಿದ್ದೆಡೆ ಇಂದು ಒಳ್ಳೆಯ ಚಿಕಿತ್ಸೆ ದೊರೆಯುವಲ್ಲಿ ಐವರಲ್ಲಿ ನಾಲ್ವರು ಉಳಿಯುತ್ತಾರೆ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಮಕ್ಕಳಿಗೇ ಮೀಸಲಾದ ವಿಭಾಗವಿದೆ. ಅಲ್ಲಿಗೆ ತಲಪುವ ಮೊದಲು ನಾಟಿಮದ್ದು, ಜಂತಿನ ಮದ್ದು, ದೃಷ್ಟಿ ತೆಗೆಯುವುದು ಎಂದು ಕಳೆಯುವ ವಾರಗಳು ಮಾತ್ರ ಯಾವ ನಕ್ಷೆಯಲ್ಲೂ ದಾಖಲಾಗುವುದಿಲ್ಲ.

ನಾಲ್ಕು ವಿಭಾಗಗಳೂ ಹೋಗಿದ್ದರೆ ಉಳಿಯುವ ದಾರಿ ಯಕೃತ್ತನ್ನೇ ಬದಲಿಸುವುದು. ಜಗತ್ತಿನಲ್ಲಿ ಯಕೃತ್ತಿನ ಕಸಿಯಾಗಿ ಒಂದು ವರ್ಷಕ್ಕೂ ಮೀರಿ ಬದುಕಿದ ಮೊದಲ ವ್ಯಕ್ತಿಯೂ ಯಕೃತ್ತಿನ ಕ್ಯಾನ್ಸರಿದ್ದ ಒಂದು ಮಗುವೇ. ೧೯೬೭ರ ಜುಲೈನಲ್ಲಿ ಅಮೆರಿಕದ ಡೆನ್ವರಿನಲ್ಲಿ ಥಾಮಸ್ ಸ್ಟಾರ್ಜಲ್ ಹತ್ತೊಂಬತ್ತು ತಿಂಗಳ ಹೆಣ್ಣುಮಗುವಿಗೆ ಆ ಕಸಿ ಮಾಡಿದರು. ಹೊಸ ಯಕೃತ್ತು ಹಿಡಿಯಿತು. ಹಳೆಯ ಕ್ಯಾನ್ಸರು ಬೇರೆಡೆ ತಲೆಯೆತ್ತಿ, ಹದಿಮೂರು ತಿಂಗಳ ಮೇಲೆ ಮಗು ತೀರಿಕೊಂಡಿತು. ಸಿ.ಟಿ. ಯಂತ್ರ ಹುಟ್ಟಲು ಆಗ ಇನ್ನೂ ನಾಲ್ಕು ವರ್ಷವಿತ್ತು.

ಚಿಕಿತ್ಸೆ ಮುಗಿದು ಮನೆಗೆ ಮರಳಿದ ಮಗುವಿನ ರಕ್ತವನ್ನೂ ಹೊಟ್ಟೆಯನ್ನೂ ವರ್ಷಗಟ್ಟಲೆ ನೋಡುತ್ತಿರಬೇಕು. ಹಾಗೆ ನೋಡುತ್ತಿರುವಾಗ, ಬೇರಾವುದೋ ಕ್ಯಾನ್ಸರಿನಿಂದ ಗುಣಹೊಂದಿ ಶಾಲೆಗೆ ಹೋಗುತ್ತಿರುವ ಬಾಲಕನೊಬ್ಬನ ಯಕೃತ್ತಿನಲ್ಲಿ ಹೊಸದೊಂದು ನೆರಳು ಕಾಣಿಸಿತೆನ್ನಿ. ಮನೆಯವರ ಎದೆ ಒಡೆಯದಿದ್ದೀತೆ? ಆದರೆ ಹಿಂದಿನ ಚಿಕಿತ್ಸೆಯಿಂದ ಯಕೃತ್ತಿನ ರಕ್ತಸಂಚಾರ ಬದಲಾಗಿ, ಯಕೃತ್ತಿನ ಸಹಜ ಕಣಗಳೇ ಗುಂಪುಗೂಡಿ ಗಂಟಾಗುವುದುಂಟು, ಅದು ಕ್ಯಾನ್ಸರಲ್ಲ. ಇದನ್ನು ಬೇರ್ಪಡಿಸಲು ಎಂ.ಆರ್.ಐ.ಗೆ ಮೊದಲು ಚುಚ್ಚುವ ಗ್ಯಾಡೊಲಿನಿಯಮ್ಮಿನ ಒಂದು ವಿಶೇಷ ದ್ರವವಿದೆ. ಆರೋಗ್ಯವಾದ ಯಕೃತ್ತಿನ ಕಣಗಳು ಅದನ್ನು ಹೀರಿಕೊಳ್ಳುವುವು, ಹೊರಗಿನಿಂದ ಬಂದು ಬೀಡುಬಿಟ್ಟ ಕ್ಯಾನ್ಸರಿನ ಕಣಗಳು ಹೀರಿಕೊಳ್ಳಲಾರವು. ಇಪ್ಪತ್ತು ನಿಮಿಷ ಕಾದು ಮತ್ತೆ ಚಿತ್ರ ತೆಗೆಯುವರು. ಗಂಟು ಕಪ್ಪಾಗಿ ಉಳಿದರೆ ಸಂಶಯ. ಸುತ್ತಲಿನ ಯಕೃತ್ತಿನಂತೆ ಬೆಳ್ಳಗೆ ಬೆಳಗಿದರೆ ಅದು ಮನೆಯದೇ ಕಣ. ಅಂಥ ಮಗುವಿಗೆ ಸಾಮಾನ್ಯವಾಗಿ ಸೂಜಿಯೂ ಬೇಡ, ಕತ್ತಿಯೂ ಬೇಡ. ಆಗಾಗ ಬಂದು ಅಲ್ಟ್ರಾಸೌಂಡ್ ಮಾಡಿಸಿಕೊಂಡು ಹೋಗಲು ಹೇಳಿ ಕಳುಹಿಸುತ್ತಾರೆ.